ಯಾರ ಹೊಟ್ಟೆ ತಣ್ಣಗಿರಲಿ

ನಮ್ಮ ಕಡೆ ಬಾಯಿಬಿಟ್ಟು ಧನ್ಯವಾದ ಹೇಳುವವರು ಕಡಿಮೆ. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಟ್ಟರೆ ಕುಡಿದು, ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲವ್ವ" ಅನ್ನುತ್ತಾರೆ. ಧನ್ಯವಾದ ಎನ್ನುವುದು ಮೈಕಿನ ಮುಂದೆ ಹೇಳುವ ಮಾತು, ಸಭೆ ಮುಗಿಯಿತು, ಇನ್ನು ಏಳಬಹುದು ಎನ್ನುವುದಕ್ಕೆ. ಹಾಗಾಗಿ ಚಳ್ಳಕೆರೆಯ ನಮ್ಮ ಓಣಿಯ ಮಹಿಳಾ ಸಂಘಕ್ಕೆ ಒಬ್ಬ ಮೇಡಂ ಬಂದು, ದಿನವೂ ಡೈರಿಯಲ್ಲಿ ಕೃತಜ್ಞತೆ ಬರೆಯಿರಿ ಎಂದಾಗ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

"ಅಂಗಂದ್ರೆ ಏನ್ರೀ ಮೇಡಂ?"

"ಥ್ಯಾಂಕ್ಸ್. ಇವತ್ತು ಯಾರಿಂದ ನಿಮಗೆ ಒಳ್ಳೇದಾಯ್ತು, ಅದನ್ನ ಬರೆಯೋದು."

"ಯಾರಿಂದ್ಲೂ ಆಗ್ಲಿಲ್ಲ ಅಂದ್ರೆ?"

"ಆಗಿರುತ್ತಮ್ಮ. ಹುಡುಕಬೇಕು."

"ಹೇನು ಹುಡುಕ್ದಂಗಾ?"

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಅವ್ವ ತೀರಿಕೊಂಡು ಕೆಲವು ತಿಂಗಳಷ್ಟೇ ಆಗಿತ್ತು. ಊಟ ರುಚಿಸುತ್ತಿರಲಿಲ್ಲ. ಅಕ್ಕಿ ಆರಿಸಲು ಮೊರ ಹಿಡಿದರೆ ಎಷ್ಟು ಹೊತ್ತು ಹಿಡಿದೇ ಕೂತಿದ್ದೆ ಎನ್ನುವುದೂ ತಿಳಿಯುತ್ತಿರಲಿಲ್ಲ. ಯಾರಾದರೂ ಏನಾದರೂ ಮಾಡು ಎಂದು ಹೇಳಿದರೆ ಸಾಕು, ಮಾಡುತ್ತಿದ್ದೆ.

ಅವ್ವನ ಸಾವಿನ ಜೊತೆಗೇ ಇನ್ನೊಂದು ನೋವೂ ಅಂಟಿಕೊಂಡಿತ್ತು, ಅದನ್ನು ಇಲ್ಲಿಯೇ ಹೇಳಬೇಕು. ನನ್ನ ತವರು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ಅವ್ವ ಕೊನೆಯವರೆಗೆ ಇದ್ದದ್ದು ಅಣ್ಣನ ಜೊತೆ. ಅತ್ತಿಗೆ ರಾಯದುರ್ಗದ ಕಡೆಯವಳು, ಮನೆಮಾತು ತೆಲುಗು. ಮೊಳಕಾಲ್ಮೂರಿನಲ್ಲಿ ಅದೇನು ದೊಡ್ಡ ವಿಷಯವಲ್ಲ; ಅಲ್ಲಿ ಜಗಳ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ನನ್ನ ಅಕ್ಕನನ್ನೂ ಅದೇ ಊರಿಗೆ ಕೊಟ್ಟಿತ್ತು, ಬಸ್‌ಸ್ಟ್ಯಾಂಡಿನ ಹತ್ತಿರ ಅವಳ ಮನೆ. ಅವ್ವನ ಕಾರ್ಯವೆಲ್ಲ ಮುಗಿಸಿ ನಾನು ಚಳ್ಳಕೆರೆಗೆ ವಾಪಸಾದ ಮೇಲೆ ಒಂದು ದಿನ ಅಕ್ಕ ಫೋನ್ ಮಾಡಿದಳು.

"ನಿಮ್ಮತ್ತಿಗೆ ಏನಂದ್ಲು ಗೊತ್ತೇನೆ? ನೀನು ಇನ್ನೂ ಊಟ ಬಿಟ್ಟು ಕುಂತಿದ್ದೀಯ ಅಂತ ನಾನು ಹೇಳ್ದೆ. ಅದ್ಕೆ, 'ಹುಚ್ಚಿ, ಇನ್ನೂ ಅಳ್ತಾನೇ ಐತಾ' ಅಂದ್ಲು."

"ಹಂಗಂದ್ಲಾ?"

"ನನ್ನ ಕಿವಿಯಾರೆ ಕೇಳಿದ್ದೀನಿ ಕಣೇ. ತೆಲುಗಲ್ಲಿ ಅಂದ್ಲು, ನಾನು ಕನ್ನಡದಲ್ಲಿ ಹೇಳ್ತಿದ್ದೀನಿ, ಅಷ್ಟೇ."

ಹುಚ್ಚಿ ಅಂದದ್ದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆ 'ಐತಾ'. ಅಳ್ತಿದ್ದಾಳಾ ಅಲ್ಲ, ಅಳ್ತಾ ಐತಾ. ಹಿತ್ತಲಲ್ಲಿ ಕಟ್ಟಿದ ಎಮ್ಮೆ ಐತಾ, ಮೇಕೆ ಐತಾ ಅಂದ ಹಾಗೆ. ಅವ್ವನನ್ನು ಕೊನೆಗಾಲದಲ್ಲಿ ನೋಡಿಕೊಂಡವಳು ಅವಳೇ, ಅದನ್ನು ನಾನು ಮರೆತಿರಲಿಲ್ಲ. ಆದರೂ ಆ ಮನೆಯ ಹೊಸಿಲು ತುಳಿಯಲು ಮನಸ್ಸು ಬರಲಿಲ್ಲ. ಅಣ್ಣ ಒಂದೆರಡು ಸಲ ಫೋನ್ ಮಾಡಿದ. ಮಾತು ಒಣಗಿತು. ನಿಂತಿತು.

ಹೀಗೆ ತವರಿನಲ್ಲಿ ಉಳಿದವಳು ಅಕ್ಕ ಒಬ್ಬಳೇ.

ನನ್ನ ಗಂಡ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ದೀಪಾವಳಿಗೆ ಮಿಲ್ಲಿನವರು ಕೊಟ್ಟ ಡೈರಿ ಬೀರುವಿನ ಮೇಲೆ ಖಾಲಿ ಬಿದ್ದಿತ್ತು. ಮನೆಯಲ್ಲಿರುವ ಎಲ್ಲದರ ಹಾಗೆ ಅದಕ್ಕೂ ಸಣ್ಣಗೆ ಶೇಂಗಾ ಹಿಂಡಿಯ ವಾಸನೆ. ಮೇಡಂ ಹೇಳಿದ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ತೆಗೆದು ಕೂತೆ. ಕೃತಜ್ಞತೆ ಎಂದು ಬರೆಯಹೋದರೆ ಒತ್ತಕ್ಷರ ಎಲ್ಲಿ ಬರಬೇಕೋ ಗೊತ್ತಾಗಲಿಲ್ಲ. ಅದನ್ನು ಬಿಟ್ಟು ನಮ್ಮ ಮಾತಿನಲ್ಲೇ ಬರೆದೆ: "ಸೋನೆ ಬಿದ್ದಾಗ ಪಕ್ಕದ ಮನೆಯವಳು ತಾರಸಿಗೆ ಓಡಿ ನನ್ನ ಸಂಡಿಗೆಯನ್ನೂ ಬಾಚಿ ತಂದಳು. ಅವಳ ಹೊಟ್ಟೆ ತಣ್ಣಗಿರಲಿ."

ಬರೆದ ಮೇಲೆ ಏನೋ ಸ್ವಲ್ಪ ಹಗುರವಾದಂತಾಯಿತು. ಮರುದಿನ ಇನ್ನೊಂದು. ಮಾರ್ಕೆಟ್ ಯಾರ್ಡಿನ ಮುಂದೆ ಹಮಾಲಿಯೊಬ್ಬ ಬೆನ್ನಿನ ಮೇಲೆ ಮೂಟೆ ಇಟ್ಟುಕೊಂಡೇ, "ನೀವು ಹೋಗ್ರಿ ಅಮ್ಮ ಮೊದ್ಲು" ಎಂದು ದಾರಿ ಬಿಟ್ಟದ್ದು. ಆಟೋದವನು ಚಿಲ್ಲರೆ ಇಲ್ಲದಾಗ ಇರಲಿ ಬಿಡಿ ಎಂದದ್ದು. ಮೊದಮೊದಲು ಇವು ಸಂಜೆ ಕೂತು ನೆನಪಿಸಿಕೊಳ್ಳಬೇಕಾದ ಸಂಗತಿಗಳಾಗಿದ್ದವು. ಬರಬರುತ್ತ, ಆಗುತ್ತಿರುವಾಗಲೇ ಕಣ್ಣಿಗೆ ಬೀಳತೊಡಗಿದವು. ಬರೆಯುವ ಅಭ್ಯಾಸ ಮಾಡುವುದು ಇಷ್ಟೇ, ಹೊಸದಾಗಿ ಏನನ್ನೂ ತಂದುಕೊಡುವುದಿಲ್ಲ, ಇದ್ದದ್ದರ ಕಡೆಗೆ ಕತ್ತು ತಿರುಗಿಸುತ್ತದೆ. ಮೊರ ಹಿಡಿದು ಮೈಮರೆತು ಕೂರುವುದು ನಿಂತಿತು. ಊಟ ಹೊಟ್ಟೆಗೆ ಇಳಿಯತೊಡಗಿತು.

ಊಟ ಇಳಿಯಲು ಇನ್ನೊಂದು ಕಾರಣವೂ ಇತ್ತು. ಆ ದಿನಗಳಲ್ಲೇ ಮೊಳಕಾಲ್ಮೂರಿನಿಂದ ಡಬ್ಬಿ ಬರತೊಡಗಿದ್ದು. ನಮ್ಮ ಕಡೆ ಇದು ಮಾಮೂಲು, ಸ್ಟೀಲ್ ಡಬ್ಬಿಯನ್ನು ವೈರ್ ಬ್ಯಾಗಿಗೆ ಹಾಕಿ ಕಂಡಕ್ಟರ್ ಕೈಗೆ ಕೊಟ್ಟರೆ ಚಳ್ಳಕೆರೆಯಲ್ಲಿ ಇಳಿಸಿಕೊಳ್ಳಬಹುದು. ನನ್ನ ಗಂಡ ಮಿಲ್ಲಿನಿಂದ ಬರುವಾಗ ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದರು. ಮೊದಲ ಸಲ ಬಂದದ್ದು ಪುಂಡಿಸೊಪ್ಪಿನ ಚಟ್ನಿ, ಗಡಿಯಾಚೆ ಗೋಂಗೂರ ಅನ್ನುತ್ತಾರಲ್ಲ, ಅದು. ಜೊತೆಗೆ ಸಜ್ಜೆ ರೊಟ್ಟಿ. ಮುಚ್ಚಳ ತೆಗೆದ ಕೂಡಲೇ ಕಣ್ಣು ತುಂಬಿತು. ಅವ್ವನ ಚಟ್ನಿಯ ವಾಸನೆಯೇ. ಅಷ್ಟರಲ್ಲಿ ಅಕ್ಕನ ಫೋನ್.

"ಡಬ್ಬಿ ಸಿಕ್ತೇನೆ?"

"ಸಿಕ್ತಕ್ಕ. ಥೇಟ್ ಅವ್ವನ ಕೈಯಿದ್ದಂಗೇ ಐತೆ."

"ಅವ್ವನ ಮಕ್ಕಳಲ್ವೇನೇ ನಾವು! ಉಪ್ಪು ಸರಿಯಾಗೈತಾ?"

"ಸರಿಯಾಗೈತೆ."

ಅವತ್ತು ಡೈರಿಯಲ್ಲಿ ಒಂದು ಪುಟ ಪೂರ್ತಿ ಅಕ್ಕನದು. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದು ಡಬ್ಬಿ, ಪ್ರತಿ ಡಬ್ಬಿಗೂ ಒಂದಿಷ್ಟು ಸಾಲು. ನವಣೆ ತಂಬಿಟ್ಟು, ಹುಚ್ಚೆಳ್ಳು ಪುಡಿ, ಮಳೆಗಾಲ ಕಳೆದ ಮೇಲೆ ಗುಡ್ಡದ ಸೀತಾಫಲ. ನಾನೂ ಮಿಲ್ಲಿನಿಂದ ಹೊಸ ಎಣ್ಣೆ ತರಿಸಿ ಕ್ಯಾನಿಗೆ ತುಂಬಿ ಕಳಿಸುತ್ತಿದ್ದೆ. ಆ ಡೈರಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬಂದವಳು ನನ್ನ ಅಕ್ಕ. ಅವ್ವ ಹೋದರೂ ಅವ್ವನ ಕೈರುಚಿ ಹಿಡಿದುಕೊಂಡು ನನ್ನನ್ನು ನೆನೆಯುವವಳು ಒಬ್ಬಳಿದ್ದಾಳೆ ಎನ್ನುವುದರ ಮೇಲೆ ನನ್ನ ಆ ಒಂದೂವರೆ ವರ್ಷ ನಿಂತಿತ್ತು.

ಒಮ್ಮೆ ಧೈರ್ಯ ಮಾಡಿ ಫೋನಿನಲ್ಲೇ ಅವಳಿಗೆ ಒಂದು ಪುಟ ಓದಿ ಹೇಳಿದೆ. ನಾವೆಲ್ಲ ಒಬ್ಬರ ಮುಂದೆ ಒಬ್ಬರು ಹೀಗೆ ಮಾತಾಡಿದವರಲ್ಲ. ಓದುವಾಗ ನನಗೇ ಮೈಯೆಲ್ಲ ಮುದುಡಿಕೊಂಡಂತಾಗಿತ್ತು. ಓದಿ ಮುಗಿಸಿದರೆ ಆ ಕಡೆಯಿಂದ ಸದ್ದಿಲ್ಲ.

"ಅಕ್ಕಾ? ಇದ್ದೀಯಾ?"

"ಇದ್ದೀನಿ ಕಣೇ," ಅಂದಳು. ಮೂಗು ಎಳೆದುಕೊಳ್ಳುವುದು ಕೇಳಿಸಿತು. ಅಕ್ಕ ಅಳುತ್ತಿದ್ದಳು.

ಹೋದ ವರ್ಷ ಅಕ್ಕ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಮುಯ್ಯಿಗೆ ಸೀರೆ ಕೊಡುವುದು ಇದ್ದೇ ಇದೆ. ಅದರ ಜೊತೆಗೆ, ಡೈರಿಯಲ್ಲಿ ಅವಳ ಬಗ್ಗೆ ಬರೆದದ್ದನ್ನೆಲ್ಲ ಒಂದು ಒಳ್ಳೆಯ ನೋಟ್‌ಬುಕ್ಕಿಗೆ ಇಳಿಸಿ, ಮೇಲೆ ಅರಿಶಿನ ಕುಂಕುಮ ಹಚ್ಚಿ ಕೊಡೋಣ ಎನ್ನಿಸಿತು. ಮಧ್ಯಾಹ್ನಗಳನ್ನು ಅದಕ್ಕೇ ಮೀಸಲಿಟ್ಟೆ. ನನ್ನ ಅಕ್ಷರ ದುಂಡಗಿದೆ, ಆದರೂ ತಪ್ಪಾದ ಹಾಳೆ ಹರಿದು ಮತ್ತೆ ಬರೆದೆ. ನನ್ನ ಗಂಡ ಪೇಪರ್ ಓದುತ್ತ ಒಮ್ಮೆ ತಲೆಯೆತ್ತಿ, "ಸೀರೆ ಸಾಕಾಗಿತ್ತು," ಅಂದರು. ಗಂಡಸರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಎಂದುಕೊಂಡು ಬರೆಯುತ್ತಲೇ ಇದ್ದೆ.

ಗೃಹಪ್ರವೇಶದ ಹಿಂದಿನ ದಿನವೇ ಇಬ್ಬರೂ ಹೋದೆವು. ಹಿತ್ತಲಲ್ಲಿ ಹೆಂಗಸರು ಸುತ್ತ ಕೂತು ತರಕಾರಿ ಹೆಚ್ಚುತ್ತಿದ್ದರು. ಅವ್ವನ ತಂಗಿ, ನಮ್ಮ ಚಿಕ್ಕಮ್ಮ, ಹಲ್ಲಿಲ್ಲದ ಬಾಯಲ್ಲಿ ಎಲೆಯಡಿಕೆ ಕುಟ್ಟಿಸಿಕೊಂಡು ಹಾಕಿಕೊಳ್ಳುತ್ತ ಎಲ್ಲರ ಮೇಲೂ ಅಧಿಕಾರ ನಡೆಸುತ್ತಿದ್ದಳು. ಅತ್ತಿಗೆ ದೊಡ್ಡ ಒಲೆಯ ಮುಂದೆ ಪಾಯಸ ತಿರುವುತ್ತ ನಿಂತಿದ್ದಳು. ನಾನು ಒಳಗೆ ಬಂದಾಗ ಒಮ್ಮೆ ನೋಡಿ, ಮತ್ತೆ ಒಲೆಯ ಕಡೆ ತಿರುಗಿದ್ದಳು.

ನನ್ನ ಬ್ಯಾಗಿನಲ್ಲಿದ್ದ ನೋಟ್‌ಬುಕ್ ಚಿಕ್ಕಮ್ಮನ ಕಣ್ಣಿಗೆ ಬಿತ್ತು.

"ಏನೇ ಅದು, ಮುಯ್ಯಿ ಬರ್ಕಣಾಕಾ?"

"ಅಲ್ಲ ಚಿಕ್ಕಮ್ಮ, ಅಕ್ಕನ ಬಗ್ಗೆ ಬರೆದಿದ್ದೀನಿ."

"ಅಕ್ಕನ ಬಗ್ಗೆ ಬರಿಯಾಕೆ ಏನೈತೆ? ಓದು ನೋಡಾನ."

ಬೇಡ ಅಂದೆ. ಉಳಿದವರೂ ಓದು ಓದು ಎಂದು ಗಂಟುಬಿದ್ದರು. ಅಕ್ಕ ಒಳಗೆಲ್ಲೋ ಪೂಜೆಯವರ ಜೊತೆ ಮಾತಾಡುತ್ತಿದ್ದಳು. ಅವಳಿಲ್ಲದಾಗಲೇ ಒಂದಿಷ್ಟು ಓದಿದರೆ ಸಂಕೋಚವಿರುವುದಿಲ್ಲ ಎಂದು ಪುಂಡಿ ಚಟ್ನಿಯ ಪುಟ ತೆಗೆದೆ. ಮುಚ್ಚಳ ತೆಗೆದಾಗ ಅವ್ವ ಮನೆಗೆ ಬಂದಂತಾದದ್ದು, ಎರಡು ತುತ್ತು ಜಾಸ್ತಿ ಉಂಡದ್ದು, ಅಕ್ಕನ ಹೊಟ್ಟೆ ತಣ್ಣಗಿರಲಿ ಎಂದದ್ದು.

ಚಿಕ್ಕಮ್ಮ ಬಾಯಲ್ಲಿದ್ದುದನ್ನು ಪಕ್ಕಕ್ಕೆ ಉಗಿದಳು.

"ಯಾರ್ದೂ? ನಿಮ್ಮಕ್ಕಂದಾ? ಅಯ್ಯೋ ಇವ್ಳ ಮನೆ ಕಾಯ! ನಿಮ್ಮಕ್ಕ ಒಗ್ಗರಣೆ ಹಾಕಿದ್ರೆ ಓಣಿಯೋರೆಲ್ಲ ಕೆಮ್ಕೊಂಡು ಹೊರಗೆ ಬರ್ತಾರೆ. ಅಗೋ ಒಲೆ ಮುಂದೆ ನಿಂತೈತಲ್ಲ, ಆ ಯಮ್ಮ ಕಣೇ ಮಾಡಿ ಕೊಡಾದು. ಡಬ್ಬಿ ಪ್ರತಿಸಲ ನಮ್ಮನೆ ಮುಂದೇನೇ ಹೋಗ್ತೈತೆ, ನನಗೆ ಗೊತ್ತಿಲ್ವಾ?"

ಒಂದಿಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಈಳಿಗೆಗಳ ಸದ್ದು ಒಂದೊಂದಾಗಿ ನಿಂತಿತು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.

ಅತ್ತಿಗೆ ತಿರುಗಿ ನೋಡಲಿಲ್ಲ. ಪಾಯಸ ತಿರುವುತ್ತಲೇ ಇದ್ದಳು.

ಬಾಡಿಗೆ ಪಾತ್ರೆ ಪೇರಿಸಿಟ್ಟಿದ್ದ ಕೋಣೆಗೆ ಅಕ್ಕನನ್ನು ಕರೆದುಕೊಂಡು ಹೋಗಿ ಕೇಳಿದೆ. ಅವಳು ಮೊದಲು ನಕ್ಕಳು.

"ಚಿಕ್ಕಮ್ಮಂದು ಬಾಯಿ, ಬಿಡು ಅತ್ಲಾಗೆ. ಬಸ್ಸಿಗೆ ಇಟ್ಟೋಳು ಯಾರು? ನಾನಲ್ವಾ? ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದೋಳು ಯಾರು?"

"ಉಪ್ಪು ಸರಿಯಾಗೈತಾ ಅಂತ ಕೇಳಿದ್ದೆ ಅಕ್ಕ ನೀನು."

"ಕೇಳಬಾರ್ದಾ?"

"ಮಾಡಿದೋರು ಕೇಳೋ ಮಾತದು."

ಅವಳ ನಗು ಇಳಿಯಿತು. "ಅವ್ಳೇ ಹೇಳಿದ್ದು, ನನ್ನ ಹೆಸರು ಎತ್ತಬ್ಯಾಡ, ಗೊತ್ತಾದ್ರೆ ಅದು ತಿನ್ನಲ್ಲ ಅಂತ. ನಾನೇನು ಮಾಡ್ಲಿ?"

"ಸರಿ. ನಾನು ಫೋನಲ್ಲಿ ಓದಿದಾಗ ಅಳ್ತಿದ್ದೆಯಲ್ಲ, ಅದು ಯಾಕೆ?"

ಅಕ್ಕ ಒಂದು ಕೊಳಗದ ಅಂಚನ್ನು ಸೆರಗಿನಿಂದ ಒರೆಸಿದಳು. ಅದು ಒರೆಸಬೇಕಾದಷ್ಟು ಕೊಳೆಯಾಗಿರಲಿಲ್ಲ.

"ಅಳು ಬಂತು, ಅತ್ತುಬಿಟ್ಟೆ. ನನ್ನ ಬಗ್ಗೆ ಯಾರು ಅಂಗೆಲ್ಲ ಬರೀತಾರೆ ಹೇಳು? ಕೇಳ್ತಾ ಕೇಳ್ತಾ ನಾನೇ ಮಾಡಿದ್ದೇನೋ ಅನ್ನಿಸ್ಬಿಡ್ತು."

ಹೊರಗಿನಿಂದ ಯಾರೋ ಕರೆದರು. "ಬಂದೆ," ಎಂದು ಹೊರಟೇಬಿಟ್ಟಳು. ಹೋಗುವಾಗ, "ಆ ಪುಸ್ತಕ ಕೊಡು ಇಲ್ಲಿ, ನಾನು ಇಟ್ಕೊಂತೀನಿ," ಎಂದು ಕೈ ಚಾಚಿದಳು. ಕೊಡಲಿಲ್ಲ.

ಊಟದ ಗದ್ದಲ ಇಳಿದ ಮೇಲೆ ಅತ್ತಿಗೆಯ ಹತ್ತಿರ ಹೋದೆ. ಒಲೆಯ ಬೂದಿಗೆ ನೀರು ಚಿಮುಕಿಸುತ್ತಿದ್ದಳು.

"ಮೊದಲ್ನೇ ಸಲ ನಾನೇ ಬೇಡ ಅಂದಿದ್ದು," ಅಂದಳು, ನಾನು ಬಾಯಿ ತೆರೆಯುವ ಮೊದಲೇ. "ಆಮೇಲೆ ಹಬ್ಬದ ಟೈಮಿಗೆ, ಇನ್ನ ಹೇಳಿಬಿಡಮ್ಮ, ಎಷ್ಟು ದಿನ ಅಂತ ಕದ್ದುಮುಚ್ಚಿ ಕಳಿಸೋದು ಅಂದೆ. ಹೇಳ್ತೀನಿ ಅಂದ್ಲು ನಿಮ್ಮಕ್ಕ. ನೀನು ಫೋನ್ ಮಾಡ್ತೀಯ ಅಂತ ಕಾದೆ. ಮಾಡ್ಲಿಲ್ಲ. ಸರಿ, ಕೋಪ ಇನ್ನೂ ಇಳಿದಿಲ್ಲ ಅಂದ್ಕೊಂಡೆ."

"ಕೋಪ ಯಾಕೆ ಬರಬಾರ್ದು ಅತ್ತಿಗೆ? ನೀನು ನನ್ನ ಹುಚ್ಚಿ ಅಂದೆ. ಅಳ್ತಾ ಐತಾ ಅಂದೆ."

"ಎವರೂ, ನೇನಾ? ನಾನಾ ಅಂದಿದ್ದು?" ಎಂದು ಸೊಂಟದ ಮೇಲೆ ಕೈಯಿಟ್ಟಳು. ಏನಂದಿದ್ದೆ ಎಂದು ನೆನಪು ಮಾಡಿಕೊಂಡಳು. ಆಮೇಲೆ ಅವಳ ಮುಖ ಬೇರೆಯಾಯಿತು. "'ಪಿಚ್ಚಿ ತಲ್ಲಿ, ಇಂಕಾ ಏಡುಸ್ತಾನೇ ಉಂದಾ' ಅಂದೆ. ಅದು ಬೈಗಳಾನಾ? ನಿಮ್ಮವ್ವ ನಂಗೆ ದಿನಾ ಅಂತಿದ್ರಲ್ಲ, ಪಿಚ್ಚಿ ತಲ್ಲಿ, ಉಂಡ್ಯಾ ಅಂತ?"

ಪಿಚ್ಚಿ ಅಂದರೆ ಹುಚ್ಚಿಯೇ. ತಲ್ಲಿ ಅಂದರೆ ತಾಯಿ. ಎರಡನ್ನೂ ಜೋಡಿಸಿ ಅಂದರೆ ಮೊಳಕಾಲ್ಮೂರಿನಲ್ಲಿ ಅದಕ್ಕಿಂತ ಮುದ್ದಿನ ಮಾತಿಲ್ಲ. ಬಿದ್ದು ಮಂಡಿ ತರಚಿಕೊಂಡು ಬಂದ ಮಗುವನ್ನು ಎತ್ತಿಕೊಂಡು ಹೇಳುವ ಮಾತು. ಇನ್ನು ಆ 'ಉಂದಾ': ತೆಲುಗಿನಲ್ಲಿ ಹೆಂಗಸಿಗೂ ಅದೇ, ಹಸುವಿಗೂ ಅದೇ. ಅಲ್ಲಿ 'ಇದ್ದಾಳಾ' ಎನ್ನಲು ಬೇರೆ ಮಾತಿಲ್ಲ. ಇದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಇಬ್ಬರೂ ಅದೇ ಓಣಿಯಲ್ಲಿ ಎರಡೂ ಭಾಷೆಯಲ್ಲಿ ಬೈಸಿಕೊಂಡು, ಮುದ್ದು ಮಾಡಿಸಿಕೊಂಡು ಬೆಳೆದವರು. ಅಕ್ಕ ನನಗೆ ಹೇಳಿದ ಕನ್ನಡದಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. 'ತಲ್ಲಿ' ಒಂದನ್ನು ಬಿಟ್ಟಿದ್ದಳು, ಅಷ್ಟೇ.

"ಅಷ್ಟೆಲ್ಲ ಬರೀತೀಯಂತೆ," ಅಂದಳು ಅತ್ತಿಗೆ. ದನಿ ಮೃದುವಾಗೇನೂ ಇರಲಿಲ್ಲ. "ಬರೆಯೋ ಮುಂಚೆ ಒಂದು ಫೋನ್ ಮಾಡಿ ಕೇಳಕ್ಕಾಗಲಿಲ್ವಾ?" ಸೌಟನ್ನು ಕೊಳಗದ ಬಾಯಿಗೆ ಬಡಿದು ಒಳಗೆ ಹೋದಳು.

ಗೃಹಪ್ರವೇಶ ಮುಗಿಸಿ ವಾಪಸಾಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ದಾರಿಯ ಹಾನಗಲ್ ಎಂಬ ಹಳ್ಳಿ ದಾಟಿತು. ಆಮೇಲೆ ನನ್ನ ಗಂಡ ನಿಧಾನವಾಗಿ, "ನಂಗೆ ಗೊತ್ತಿತ್ತು ಕಣೇ," ಅಂದರು.

"ಏನು?"

"ಡಬ್ಬಿದು. ನಿಮ್ಮಣ್ಣನೇ ಫೋನ್ ಮಾಡಿ ಹೇಳಿದ್ದ, ಶುರುವಿನಲ್ಲೇ."

"ಮತ್ತೆ ಹೇಳಬಾರ್ದಾಗಿತ್ತೇನ್ರೀ?"

"ಹೇಳಿದ್ರೆ ನೀನು ತಿಂತಿದ್ಯಾ? ಆಗ ಹೆಂಗಿದ್ದೆ ನೀನು, ನೆನಪೈತಾ? ತಿಂತಿದ್ದೀಯ, ಕೂತು ಬರೀತಿದ್ದೀಯ, ಮುಖದಾಗೆ ಒಂಚೂರು ಗೆಲುವು ಬಂದೈತೆ. ಅದನ್ನ ಯಾಕೆ ಕೆಡಿಸ್ಲಿ?"

ತಳಕು ಬಂತು, ಜನ ಇಳಿದರು, ಹತ್ತಿದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಕಷ್ಟ. ಕೆಟ್ಟದ್ದಿದ್ದರೆ ಜಗಳವಾಡಬಹುದಿತ್ತು. ನಾನು ದಿನಾ ಸಂಜೆ ಇವರ ಎದುರಿಗೇ ಕೂತು ಅಕ್ಕನ ಹೊಟ್ಟೆ ತಣ್ಣಗಿರಲಿ ಎಂದು ಬರೆಯುತ್ತಿದ್ದೆ, ಇವರು ಎದುರಿಗೇ ಕೂತು ಪೇಪರ್ ಮಡಚುತ್ತಿದ್ದರು. ಕಹಿ ಔಷಧಿ ಅಡಗಿಸಿದ ಬೆಲ್ಲ ತಿನ್ನುವ ಮಗುವನ್ನು ನೋಡುವ ಹಾಗೆ ಎಲ್ಲರೂ ಸೇರಿ ನನ್ನನ್ನು ನೋಡಿದ್ದರು.

ಮನೆಗೆ ಬಂದು ಡೈರಿ ತೆಗೆದೆ. ಅಕ್ಕ ಎಂದಿದ್ದ ಕಡೆಯೆಲ್ಲ ಹೊಡೆದು ಅತ್ತಿಗೆ ಎಂದು ತಿದ್ದಿಬಿಡೋಣ ಎಂದುಕೊಂಡೆ. ಒಂದು ಪುಟ ತಿದ್ದಿದೆ. ಓದಿ ನೋಡಿದರೆ ಅದು ಸುಳ್ಳಾಗಿತ್ತು. ನಾನು ಹರಸಿದ್ದು ಚಟ್ನಿ ಮಾಡಿದ ಕೈಯನ್ನಲ್ಲ. ನನ್ನ ಒಡಹುಟ್ಟಿದವಳು ನನ್ನನ್ನು ನೆನೆದಳು ಎನ್ನುವುದನ್ನು. ಅದು ನಡೆದೇ ಇರಲಿಲ್ಲ. ನಡೆಯದಿದ್ದದ್ದಕ್ಕೆ ಬೇರೆಯವರ ಹೆಸರು ಹಾಕಿದರೆ ನಡೆದಂತಾಗುವುದಿಲ್ಲ. ಒಳ್ಳೆಯದನ್ನು ಹುಡುಕಿ ಎಂದಿದ್ದರು ಮೇಡಂ. ಹುಡುಕುವವಳಿಗೆ ಸಿಕ್ಕೇ ಸಿಗುತ್ತದೆ, ಯಾರಾದರೂ ತಂದು ಇಟ್ಟಿರುತ್ತಾರೆ ಎಂದು ಅವರು ಹೇಳಿರಲಿಲ್ಲ.

ಆದರೂ ಬರೆಯುವುದನ್ನು ಬಿಡಲಿಲ್ಲ. ಬಿಟ್ಟರೆ ಮತ್ತೆ ಆ ಮೊರದ ಮುಂದಿನ ಮಂಕು ಬರುತ್ತದೆ ಎಂಬ ಹೆದರಿಕೆಯಿತ್ತು. ಕೆಲವು ವಾರ ಮನುಷ್ಯರ ಹೆಸರೇ ಬರೆಯಲಿಲ್ಲ. ಬೇವಿನ ನೆರಳು ಬಾಗಿಲವರೆಗೆ ಬಂತು. ನಲ್ಲಿಯಲ್ಲಿ ನೀರು ಜೋರಾಗಿ ಬಂತು. ನೆರಳು, ನೀರು ನಮಗೆ ಏನನ್ನೂ ಅನುವಾದ ಮಾಡಿ ಹೇಳುವುದಿಲ್ಲ.

ಡಬ್ಬಿ ಈಗಲೂ ಬರುತ್ತದೆ, ಅತ್ತಿಗೆ ತಾನೇ ಬಸ್ಸಿಗೆ ಇಡುತ್ತಾಳೆ. ಮೊದಲ ಸಲ ನಾನೇ ಫೋನ್ ಮಾಡಿ, "ತಲುಪಿತು ಅತ್ತಿಗೆ," ಅಂದೆ. "ಹೂಂ," ಅಂದಳು. ಇಬ್ಬರೂ ಹುಷಾರಾಗಿ ಮಾತಾಡುತ್ತೇವೆ, ಹೊಸದಾಗಿ ಸಗಣಿ ಸಾರಿಸಿದ ನೆಲದ ಮೇಲೆ ಕಾಲಿಡುವ ಹಾಗೆ. ಅವಳ ಬಗ್ಗೆ ಬರೆಯುವುದಕ್ಕೂ ಕೈ ತಡೆಯುತ್ತದೆ. ಹಬ್ಬದಿಂದ ಗೃಹಪ್ರವೇಶದವರೆಗೆ ಅವಳೂ ಸುಮ್ಮನಿದ್ದವಳೇ.

ಮೊನ್ನೆ ಅಕ್ಕ ಬಂದಿದ್ದಳು. ಹೇಳದೆ ಕೇಳದೆ, ಬೆಳಗಿನ ಬಸ್ಸಿಗೆ. ಚೀಲದಿಂದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು.

"ನಾನೇ ಮಾಡಿದ್ದು ಕಣೇ. ಯಾರನ್ನ ಬೇಕಾದ್ರೂ ಕೇಳು."

ಹುಚ್ಚೆಳ್ಳು ಪುಡಿ. ಸೀದು ಹೋಗಿತ್ತು. ಅವಳಿಗೂ ಗೊತ್ತಿತ್ತು, "ಒಂಚೂರು ಉರಿ ಜಾಸ್ತಿ ಆಯ್ತು" ಅಂದಳು. ಬಿಸಿ ಅನ್ನ ಮಾಡಿದೆ, ಮಿಲ್ಲಿನ ಎಣ್ಣೆ ಹಾಕಿದೆ, ಇಬ್ಬರೂ ಉಂಡೆವು. ಕಹಿ ನಾಲಿಗೆಗೆ ಹತ್ತುತ್ತಿತ್ತು. ನಾನು ತಟ್ಟೆಯಲ್ಲಿ ಬಿಡಲಿಲ್ಲ. ಅವಳು ತನ್ನ ತಟ್ಟೆ ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದಳು.

ಊಟವಾದ ಮೇಲೆ ಅದೂ ಇದೂ ಮಾತಾಡಿದಳು. ಹೊಸ ಮನೆಯ ಗೋಡೆ ಬಿರುಕು ಬಿಟ್ಟದ್ದು, ಚಿಕ್ಕಮ್ಮನ ಕಣ್ಣಿನ ಆಪರೇಷನ್. ಎದ್ದು ಹೊರಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಇವತ್ತು ಬರ್ಕೊಂತೀಯಾ?"

"ಬರ್ಕೊಂತೀನಿ."

"ಏನಂತ?"

"ನೀನು ಬಂದಿದ್ದೆ ಅಂತ."

ಇನ್ನೂ ಏನೋ ಬರುತ್ತದೆ ಎಂದು ಅವಳು ನಿಂತೇ ಇದ್ದಳು. ಆಟೋದವನು ಹಾರ್ನ್ ಹೊಡೆದ. "ಸರಿ, ಬರ್ತೀನಿ," ಎಂದು ಹತ್ತಿ ಹೋದಳು.

ದೀಪ ಹಚ್ಚಿ ಡೈರಿ ತೆಗೆದು ಬರೆದೆ: "ಅಕ್ಕ ಬಂದಿದ್ದಳು. ತಾನೇ ಮಾಡಿದ ಪುಡಿ ತಂದಿದ್ದಳು. ಸೀದಿತ್ತು. ಇಬ್ಬರೂ ಉಂಡೆವು." ಅದರ ಮುಂದೆ ಬರೆಯುವ ಹಾರೈಕೆಯ ಮಾತು ಕೈಗೆ ಅಭ್ಯಾಸವಾಗಿಬಿಟ್ಟಿದೆ, ಪೆನ್ನು ತಾನಾಗಿಯೇ ಅದರ ಕಡೆ ಹೊರಟಿತು. ಹಿಡಿದು ನಿಲ್ಲಿಸಿ, ಚುಕ್ಕೆ ಇಟ್ಟು, ಮುಚ್ಚಿದೆ.